ಒದ್ದೆ ಮಣ್ಣಿನ ಸುಳ್ಳು

ಅಕ್ಕ ಹೊಲಕ್ಕೆ ಬರುವಷ್ಟರಲ್ಲಿ ತಮ್ಮ ಮತ್ತೆ ನೀರು ನಿಲ್ಲಿಸಿದ್ದ. ಅವಳ ಪಿತ್ತ ನೆತ್ತಿಗೇರಿತು.

"ವಾಲ್ವ್ ಯಾಕೋ ಮುಚ್ಚಿದೆ?"

"ಮಣ್ಣು ಮುಟ್ಟಿ ನೋಡಕ್ಕ, ಒದ್ದೆ ಇದೆ. ಒದ್ದೆ ನೆಲಕ್ಕೆ ನೀರು ಬಿಡೋಕೆ ನನಗೇನು ಹುಚ್ಚಾ?"

ಮಣ್ಣು ಕಪ್ಪಗೆ, ಈಗಷ್ಟೇ ನೀರುಂಡಂತೆ ಕಾಣುತ್ತಿದ್ದುದು ನಿಜ. ಸುಡುಗಾಡು ಒದ್ದೆ! ಬಾವಿಯ ನೀರು ಉಪ್ಪಾದಾಗಿನಿಂದ ಆ ಉಪ್ಪೆಲ್ಲ ಮೇಲ್ಮಣ್ಣಿನಲ್ಲೇ ಠಿಕಾಣಿ ಹೂಡಿತ್ತು. ಮುಚ್ಚಳ ಹಾಕದ ಡಬ್ಬಿಯ ಉಪ್ಪಿನ ಹಾಗೆ ನೆಲವೂ ಗಾಳಿಯ ತೇವ ಹೀರಿ ಬೆಳಗ್ಗೆ ಬೆವರುತ್ತಿತ್ತು. ಆ ತೇವವನ್ನು ಉಪ್ಪೇ ಹಿಡಿದಿಟ್ಟುಕೊಂಡು, ಬೇರಿಗೆ ಮಾತ್ರ ಗುಟುಕು ನೀರೂ ದಕ್ಕುತ್ತಿರಲಿಲ್ಲ. ಬೀನ್ಸ್ ಗಿಡಗಳ ಎಲೆಯಂಚು ಇಸ್ತ್ರಿ ತಾಗಿದ ಬಟ್ಟೆಯಂತೆ ಕಂದಿತ್ತು. ಹೂ ಉದುರುತ್ತಿತ್ತು. ಈ ಹೂವೂ ಕೈಕೊಟ್ಟರೆ ಈ ಸಲ ಕಾಯಿಯ ಮುಖ ನೋಡುವಂತಿರಲಿಲ್ಲ.

"ಚೂರುಚೂರು ಕುಡಿಸಬೇಡ, ನೆಲ ತುಂಬಿ ಕೆಳಗಿಳಿಯೋ ಹಾಗೆ ಬಿಡು ಅಂತ ಬಡ್ಕೊಂಡ್ನಲ್ಲೋ!"

"ನೀರೇ ಉಪ್ಪು ಅಂತೀಯ, ಅದನ್ನೇ ಜಾಸ್ತಿ ಬಿಡು ಅಂತೀಯ. ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗಾಗಲ್ವಾ?"

"ಬೆವರಿನ ಅಂಗೀನ ಯಾವ ನೀರಲ್ಲಿ ಒಗೀತೀಯ? ಇದೇ ಬಾವಿ ನೀರಲ್ಲಿ ತಾನೇ? ಚಮಚದಲ್ಲಿ ಚಿಮುಕಿಸಿದ್ರೆ ಬೆವರು ಹೋಗುತ್ತಾ?"

ಕಳೆ ಕೀಳುತ್ತಿದ್ದ ತಮ್ಮನ ಹೆಂಡತಿ ತಲೆಯೆತ್ತಲಿಲ್ಲ. "ಅಂಗಿ ಒಗೆದಿದ್ರೆ ತಾನೇ ಅತ್ತಿಗೆ, ಅವರಿಗೆ ಗೊತ್ತಾಗೋದು?"

ಅಕ್ಕ ವಾಲ್ವನ್ನು ಪೂರ್ತಿ ತಿರುಗಿಸಿ, ಕಾವಲು ಕೂತವಳಂತೆ ಅದರ ಪಕ್ಕದಲ್ಲೇ ಕುಕ್ಕರಿಸಿದಳು. ತಮ್ಮ ಗೊಣಗಿದ, ಶಪಿಸಿದ, ಬಾವಿ ಬರಿದಾಗುತ್ತದೆಂದು ಹೆದರಿಸಿದ. ಅವಳು ಜಗ್ಗಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೊಲದಂಚಿನ ಬಸಿಗಾಲುವೆಯಲ್ಲಿ ನೀರು ಸಣ್ಣಗೆ ಜಿನುಗತೊಡಗಿತು.

"ನೋಡು, ಎಲ್ಲಾ ಪೋಲು!" ಎಂದು ತಮ್ಮ ಅರಚಿದ.

ಅವಳು ಅದನ್ನೇ ಬೊಗಸೆಯಲ್ಲಿ ಮೊಗೆದು ಅವನ ಬಾಯಿಗೆ ಹಿಡಿದಳು. ಅವನು ಥೂ ಎಂದು ಉಗಿದ. "ಅಯ್ಯಪ್ಪಾ! ಬಾವಿ ನೀರು ಇಷ್ಟು ಉಪ್ಪಿಲ್ವಲ್ಲಕ್ಕ!"

"ಇಲ್ಲ. ಇದು ನೆಲದೊಳಗಿದ್ದ ಉಪ್ಪು. ಈಗ ಹೊರಗೆ ಬರ್ತಾ ಇದೆ."

ತಮ್ಮ ಬಾಯಿ ಒರೆಸಿಕೊಂಡು ಸಾಲಿನೊಳಗೆ ಹೋದ. ಬಿದ್ದ ಹೂಗಳನ್ನು ಅಂಗೈಯಲ್ಲಿ ಆಯ್ದುಕೊಂಡು ಬಂದ. "ಮತ್ತೆ ಇವು?"

"ಗೋಂದು ಹಚ್ಚಿ ಅಂಟಿಸು."

"ಕೆಳಗಿನ ಸಾಲಲ್ಲಿ ಇನ್ನೂ ಮೊಗ್ಗಿವೆ. ಅವಾದ್ರೂ ನಿಲ್ತವಾ?"

ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ಅವಳ ಬಾಯಿಗೆ ಸುಲಭವಾಗಿ ಬರುವಂಥದ್ದೂ ಅಲ್ಲ.

"ಈ ಕಾಲುವೆ ನೀರಿನ ಉಪ್ಪು ಇಳಿಯೋವರೆಗೂ ವಾಲ್ವ್ ಮುಟ್ಟಬೇಡ. ಆಗಾಗ ನೆಕ್ಕಿ ನೋಡ್ತಾ ಇರು," ಎಂದಳು.

ಅವನು ಕಾಲುವೆಯ ಪಕ್ಕ ಮಂಡಿಯೂರಿ ಬೆರಳದ್ದಿ ನೆಕ್ಕಿದ. ಮುಖ ಸಿಂಡರಿಸಿ, ಇನ್ನೂ ಇಳಿದಿಲ್ಲವೆಂದು ತಲೆಯಾಡಿಸಿದ.