ಹೋದ ಸಲ ಮಾಡಿದ ಹಾಗೆ

ನಕಲಿನ ನಕಲನ್ನು ಕೀಲಿತಾತ ಎಂದೂ ಮಾಡಿಕೊಟ್ಟವನಲ್ಲ. ಗಿರಾಕಿ ತಂದ ಕೀಲಿಕೈಯನ್ನು ಬೆಳಕಿಗೆ ಹಿಡಿದು, ಹಲ್ಲುಗಳ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುವನು. ಇದು ಮೂಲದ್ದಲ್ಲ, ಇನ್ಯಾರೋ ಕೊರೆದದ್ದು ಎಂದು ಬೆರಳಿಗೆ ತಿಳಿದೊಡನೆ ಹಿಂದಕ್ಕೆ ತಳ್ಳಿಬಿಡುವನು.

"ಮೂಲ ತಗೊಂಡು ಬಾ, ಇಲ್ಲ ಬೀಗಾನೇ ಬಿಚ್ಚಿಕೊಂಡು ಬಾ. ಒಂದು ಕೈ ದಾಟಿದ್ರೆ ಕೂದಲೆಳೆ ತಪ್ಪು. ಎರಡು ಕೈ ದಾಟಿದ್ರೆ ಬಾಗಿಲಾಚೆ ನಿಲ್ಲೋನು ನೀನು, ನಾನಲ್ಲ."

ಬೀದಿಯ ಮಕ್ಕಳಿಗೂ ಈ ಮಾತು ಬಾಯಿಪಾಠವಾಗಿತ್ತು. ಇಂಥವನು ತನ್ನ ಪ್ರಯಾಣವನ್ನು ಅಳಿಯನ ಫೋನಿನೊಳಗಿನ ದಲ್ಲಾಳಿಗೆ ಒಪ್ಪಿಸಿದ್ದು ಹೇಗೆ? ದುಃಖದಲ್ಲಿರುವವನ ಬುದ್ಧಿ ಅವನ ಕೈಯಲ್ಲಿರುವುದಿಲ್ಲ, ಅಷ್ಟೇ.

ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಗ್ಗೆ ಅಂಗಡಿ ತೆರೆಯುತ್ತಿದ್ದ, ಸಂಜೆ ಮುಚ್ಚುತ್ತಿದ್ದ. ನಡುವೆ ಏನು ಮಾಡಿದೆ ಎಂದರೆ ಹೇಳಲಾರ. ಅಷ್ಟರಲ್ಲಿ ದೂರದ ಊರಿನಿಂದ ಅಕ್ಕನ ಸುದ್ದಿ ಬಂತು. ಗಂಟಲಲ್ಲಿ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ತಾಯಿ ಸತ್ತಾಗ ಅವನನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು ಆ ಅಕ್ಕ. ಸಂಜೆಯ ಪ್ರಾರ್ಥನೆಯನ್ನು ಒಂದು ಸಾಲು ತಾನು ಹೇಳಿ, ಮುಂದಿನ ಸಾಲನ್ನು ತಮ್ಮನಿಂದ ಹೇಳಿಸಿ ಕಲಿಸಿದವಳು. ಆ ಪ್ರಾರ್ಥನೆಯನ್ನು ಇನ್ನೊಂದೇ ಸಲ, ಎದುರು ಕುಳಿತು, ಅವಳ ದನಿಯಲ್ಲಿ ಕೇಳಬೇಕು. ದೇವರಲ್ಲಿ ಅವನು ಬೇಡಿಕೊಂಡದ್ದು ಇಷ್ಟೇ.

"ಫೋನಲ್ಲೇ ಕೇಳಿದ್ರಾಗಲ್ವಾ ಅಪ್ಪ?" ಎಂದಳು ಮಗಳು.

"ಫೋನಿನ ದನಿ ನಕಲು ಕಣಮ್ಮ."

ಅಳಿಯನಿಗೆ ಅಕ್ಕ ಇಟ್ಟ ಹೆಸರು ಸೋವಿರಾಯ. ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ಅವನು ಊಟದ ನಡುವೆಯೂ ಎದ್ದು ಹೋಗುವವನು. ಅವನ ಫೋನಿನಲ್ಲಿ ಒಂದು ಟಿಕೆಟ್ ತಾಣವಿತ್ತು. ವಿಮಾನ ಅದರದಲ್ಲ, ಸೀಟು ಅದರದಲ್ಲ, ಹಾರಿಸುವವನೂ ಅದರವನಲ್ಲ. ಕಂಡವರ ವಿಮಾನಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಪಕ್ಕದಲ್ಲೂ 'ಬೇಗ ಮಾಡಿ, ಇನ್ನೇನು ಮುಗಿಯಿತು' ಎಂದು ಹೆದರಿಸುವುದೇ ಅದರ ಕಸುಬು. ತೆರೆದೊಡನೆ ಟೋಪಿ ಹಾಕಿಕೊಂಡ ಗಿಳಿಯೊಂದು ಕುಣಿದು ಬಂದು 'ನಾನು ನಿಮ್ಮ ಪ್ರಯಾಣದ ಗೆಳೆಯ!' ಎನ್ನುತ್ತಿತ್ತು. ಟೋಪಿ ಸದ್ಯಕ್ಕೆ ಅದರ ತಲೆಯ ಮೇಲೇ ಇತ್ತು.

"ವಿಮಾನದವರ ಹತ್ರಾನೇ ನೇರವಾಗಿ ತಗೊಳ್ಳೋಕಾಗಲ್ವೇನಪ್ಪಾ?" ಎಂದು ಕೇಳಿದ ತಾತ.

"ಅಯ್ಯೋ ಮಾವ, ಈ ಕಾಲದಲ್ಲಿ ನೇರವಾಗಿ ಯಾರು ತಗೊಳ್ತಾರೆ? ಇದರಲ್ಲಿ ಅಗ್ಗ. ಮೇಲೆ ಕೂಪನ್ ಬೇರೆ ಇದೆ."

ವಾದಿಸಲು ತಾತನಿಗೆ ತ್ರಾಣವಿರಲಿಲ್ಲ. "ಸರಿ. ಹೋದ ಸಲ ಮಾಡಿದ ಹಾಗೇ ಮಾಡು," ಎಂದ.

ಹೋದ ಸಲ ಎಂದರೆ ಹೆಂಡತಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ ಸಲ. ಆಗ ತಾಣದಲ್ಲಿ ಅವಳ ಹೆಸರು ಸೇರಿತ್ತು. ಅವಳು ಹೋದ ಮೇಲೆ ಒಂದು ದಿನ ಅಳಿಯ, "ಅತ್ತೆ ಹೆಸರು ಅಳಿಸಿಬಿಡ್ಲಾ ಮಾವ?" ಎಂದು ಕೇಳಿದ್ದ. "ಇರಲಿ ಬಿಡೋ. ಎಲ್ಲಾ ಕಡೆಯಿಂದ ಯಾಕೆ ಅಳಿಸ್ತೀಯ?" ಎಂದಿದ್ದ ತಾತ. ಆ ಹೆಸರು ಅಲ್ಲೇ ಉಳಿದಿತ್ತು, ಮೊದಲನೆಯದಾಗಿ. ಸೋವಿರಾಯ ಹೋದ ಸಲದ ಹಾಗೇ ಒತ್ತಿದ. ಗಿಳಿ ಕುಣಿಯಿತು. ಮಾರನೆಯ ದಿನ ಅವನು ಫೋನಿನಲ್ಲೇ ಚೆಕ್‌ಇನ್ ಕೂಡ ಮುಗಿಸಿ, "ನೋಡಿ ಮಾವ, ಮನೇಲೇ ಕೂತು ಎಲ್ಲಾ ಆಯ್ತು, ಕಿಟಕಿ ಪಕ್ಕದ ಸೀಟು," ಎಂದು ಬೀಗಿದ. ಕೊಟ್ಟ ಕಾಗದವನ್ನು ತಾತ ಓದದೆ ಜೇಬಿನಲ್ಲಿ ಮಡಚಿಟ್ಟ.

ಮಗಳು ಅಳಿಯನ ಜೊತೆ ವಿಮಾನ ನಿಲ್ದಾಣಕ್ಕೆ ಬಂದು ಪೆಟ್ಟಿಗೆ ಕೊಡಲು ಹೋದಾಗ ಕೌಂಟರಿನ ಹುಡುಗಿ ಕಾಗದವನ್ನೂ ತಾತನ ಮುಖವನ್ನೂ ಒಮ್ಮೆ ನೋಡಿದಳು.

"ತಾತ, ಇದು ನಿಮ್ಮ ಟಿಕೆಟ್ ಅಲ್ವಲ್ಲಾ. ಹೆಂಗಸಿನ ಹೆಸರಿದೆ," ಎಂದು ಆ ಹೆಸರನ್ನು ಓದಿದಳು.

ತಾತನ ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡಿತು. "ಅದು ನನ್ನ ಹೆಂಡತಿ."

"ಅವರೆಲ್ಲಿ, ಬಂದಿದಾರಾ?"

"ಇಲ್ಲಮ್ಮ. ತೀರಿಕೊಂಡಿದಾಳೆ."

ಹುಡುಗಿ ಒಳ್ಳೆಯವಳು. ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರನ್ನು ಬಡಿದಳು, ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದಳು. "ನಮ್ಮ ಹತ್ರಾನೇ ತಗೊಂಡಿದ್ರೆ ಇದನ್ನ ರದ್ದು ಮಾಡಿ ಅದೇ ಸೀಟು ಈಗಲೇ ನಿಮಗೆ ಕೊಡ್ತಿದ್ದೆ ತಾತ. ಅವರು ಮಾರಿರೋದನ್ನ ಅವರೇ ಬಿಡಬೇಕು, ನಾವು ಮುಟ್ಟೋ ಹಾಗಿಲ್ಲ. ಬೇರೆ ಸೀಟು ಒಂದೂ ಇಲ್ಲ, ಭರ್ತಿ."

ಆ ಊರಿಗೆ ದಿನಕ್ಕೆ ಒಂದೇ ವಿಮಾನ. ಅಕ್ಕನ ಆಪರೇಷನ್ ನಾಳೆ ಬೆಳಗ್ಗೆ.

ಸೋವಿರಾಯ ಬೆವರುತ್ತಾ ತಾಣಕ್ಕೆ ಫೋನ್ ಮಾಡಿದ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಹೇಳಿ, ಅಮೂಲ್ಯವಾದದ್ದನ್ನು ಮುಟ್ಟಬಾರದು ಎನ್ನುವಂತೆ ಬಹಳ ಹೊತ್ತು ಸಂಗೀತ ಕೇಳಿಸಿದರು. ಕಡೆಗೆ ಒಬ್ಬ ಸಿಹಿಮಾತಿನವನು ಬಂದ.

"ಖಂಡಿತ ಸಹಾಯ ಮಾಡ್ತೀನಿ ಸರ್. ಪ್ರಯಾಣಿಕರಿಗೆ ಫೋನ್ ಕೊಡಿ."

"ಅವರು ತೀರಿಕೊಂಡಿದಾರೆ."

"ಕೇಳಿ ತುಂಬಾ ಬೇಜಾರಾಯ್ತು ಸರ್. ಯಾವಾಗ ಸಿಗ್ತಾರೆ?"

"ಸಿಗಲ್ಲಾ ರೀ! ಸತ್ತು ಹೋಗಿದಾರೆ!"

"ನಿಮ್ಮ ತೊಂದರೆ ಅರ್ಥ ಆಗುತ್ತೆ ಸರ್. ಆದ್ರೆ ರದ್ದು ಮಾಡೋಕೆ ಪ್ರಯಾಣಿಕರೇ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಇದು ಅವರ ಸುರಕ್ಷತೆಗೋಸ್ಕರ. ಇಲ್ಲಾಂದ್ರೆ ವಿಮಾನ ಕಂಪನಿಯವರನ್ನ ಕೇಳಿ ನೋಡಿ."

ಸತ್ತವಳ ಸುರಕ್ಷತೆ! ದೇವರು ತನ್ನ ಹತ್ತಿರ ಕರೆದುಕೊಂಡವಳಿಗೆ ಈ ಗಿಳಿಯ ಕಾವಲು ಬೇರೆ ಬೇಕಾಗಿತ್ತು. ಕೌಂಟರಿಗೆ ಹೋದರೆ ಅವರನ್ನೇ ಕೇಳಿ, ಅವರನ್ನು ಕೇಳಿದರೆ ಕೌಂಟರಿನಲ್ಲಿ ಕೇಳಿ. ಅತ್ತ ದರಿ, ಇತ್ತ ಪುಲಿ. ಎರಡೂ ಬಹಳ ಮರ್ಯಾದೆಯಿಂದಲೇ ಮಾತಾಡುತ್ತಿದ್ದವು.

ಸೋವಿರಾಯ ಫೋನನ್ನು ಅಂಗೈಯಿಂದ ಮುಚ್ಚಿ ತನ್ನ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ನಿನ್ನ ದನಿ ಥೇಟ್ ಅತ್ತೆ ದನಿನೇ. 'ಹೌದು, ನಾನೇ' ಅಂದುಬಿಡು ಸಾಕು. ಸೀಟು ಬಿಡ್ತಾರೆ, ಈ ಹುಡುಗಿ ಮಾವನಿಗೆ ಕೊಡ್ತಾಳೆ. ಯಾರಿಗೆ ಏನು ನಷ್ಟ?"

ಮಗಳು ಫೋನ್ ಕೈಗೆ ತೆಗೆದುಕೊಂಡು ಅಪ್ಪನ ಕಡೆ ನೋಡಿದಳು. ತಾತ ತಕ್ಷಣ ಬೇಡ ಎನ್ನಲಿಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಒಂದು ಮಾತು, ಒಂದೇ ಒಂದು ಮಾತು. ಮಗಳು ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಚಾಚಿ ಫೋನನ್ನು ಕಿತ್ತುಕೊಂಡ.

"ಬೇಡ. ಹೋದವಳ ಬಾಯಿಂದ ಸುಳ್ಳು ಹೇಳಿಸಬೇಡಿ. ಇದ್ದಾಗ ಒಂದೂ ಹೇಳಿದವಳಲ್ಲ."

"ಮಾವ, ಇಷ್ಟಕ್ಕೆಲ್ಲಾ ದೇವರು ಏನೂ ಅಂದ್ಕೊಳ್ಳಲ್ಲ."

"ದೇವರ ಪರವಾಗಿ ಬುಕಿಂಗ್ ತಗೊಳ್ಳೋನೂ ನೀನೇನಾ?"

ಕರೆ ಕತ್ತರಿಸಿ ಫೋನನ್ನು ಸೋವಿರಾಯನ ಕೈಗೆ ತುರುಕಿದ. ತಾತ ಗಾಜಿನ ಗೋಡೆಯ ಪಕ್ಕದ ತಣ್ಣಗಿನ ಕಬ್ಬಿಣದ ಬೆಂಚಿನ ಮೇಲೆ ಕುಳಿತು ಅಕ್ಕನಿಗೆ ಫೋನ್ ಮಾಡಿದ.

"ಹತ್ತಿದ್ಯೇನೋ?" ದನಿ ಗರಗಸದ ಹಾಗಿತ್ತು.

"ಇಲ್ಲಕ್ಕ." ನಡೆದದ್ದನ್ನು ಹೇಳಿದ.

ಅಕ್ಕ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. "ಬೀದಿಗೆಲ್ಲ ಬುದ್ಧಿ ಹೇಳೋನು, ನಿನಗೆ ಟಿಕೆಟ್ ಗಿಳಿ ಕೈಯಿಂದ! ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ಇವನು ಪೂಜಾರಿನೂ ಅಲ್ಲ, ಹೊರಗಡೆ ನಿಂತು ಒಳಗೆ ದೇವರಿದಾನೆ ಅಂತ ಬೆರಳು ತೋರಿಸೋನು. ಎಲ್ಲಿ ಆ ಸೋವಿರಾಯ? ಸ್ಪೀಕರ್ ಹಾಕು. ಉಳಿದಿರೋ ದನೀಲಿ ಅವನಿಗೂ ಒಂದು ಪಾಲು ಕೊಡ್ತೀನಿ."

"ತಪ್ಪಾಯ್ತು ದೊಡ್ಡತ್ತೆ," ಎಂದ ಅಳಿಯ ದೂರದಿಂದಲೇ.

"ಅಗ್ಗದ ಹಗ್ಗ ಹಿಡ್ಕೊಂಡು ಬಾವಿಗೆ ಇಳಿಯೋದಾದ್ರೆ ನೀನು ಇಳಿಯಪ್ಪ. ನನ್ನ ತಮ್ಮನನ್ನ ಯಾಕೆ ಇಳಿಸ್ತೀಯ?"

"ಬರೆದು ಹಾಕಿದ್ರೆ ದುಡ್ಡು ವಾಪಸ್ ಬರುತ್ತಂತೆ..."

"ಆ ದುಡ್ಡಲ್ಲಿ ನನ್ನ ದನಿ ತರಿಸ್ಕೊಡ್ತೀಯಾ? ಅದಕ್ಕೂ ಕೂಪನ್ ಇದ್ಯಾ?"

ಆಗ ಮೇಲಿನ ಧ್ವನಿವರ್ಧಕ ಒಂದು ಹೆಸರನ್ನು ಕರೆಯಿತು. ಉಳಿದವರೆಲ್ಲ ಹತ್ತಿದ್ದಾರೆ, ಈ ಒಬ್ಬ ಪ್ರಯಾಣಿಕರು ತಕ್ಷಣ ಬರಬೇಕು, ಇದು ಕೊನೆಯ ಕರೆ. ಮನೆಯಲ್ಲೇ ಕುಳಿತು ಮುಗಿಸಿದ ಚೆಕ್‌ಇನ್ನಿನ ಫಲ. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾರನ್ನೋ ಕರೀತಿರೋದು?" ಎಂದಳು ಅಕ್ಕ. "ಅವಳ ಹೆಸರಲ್ವಾ?"

"ಹೌದಕ್ಕ."

ಮತ್ತೊಮ್ಮೆ ಕರೆದರು. ನಿಲ್ದಾಣವೆಲ್ಲ ತುಂಬುವ ಹಾಗೆ, ತಪ್ಪಿಲ್ಲದೆ, ಸ್ಪಷ್ಟವಾಗಿ ಕರೆದರು. ಅವಳಿದ್ದ ಕಾಲದಲ್ಲಿ ಅವಳ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರೂ ಕರೆದಿರಲಿಲ್ಲ.

"ಇನ್ನು ಬಾಗಿಲು ಮುಚ್ತಾರಂತೆ," ಎಂದ ತಾತ.

"ಮುಚ್ಚಲಿ ಬಿಡು. ಅವಳು ಹೋಗಿ ಸೇರಿ ಆಗಿದೆ. ನೇರವಾಗಿ ಹೋದಳು, ನಡುವೆ ಯಾರ ಕೈಗೂ ಕೊಡದೆ."

ತಾತ ಅತ್ತುಬಿಟ್ಟ. ಗಾಜಿನಾಚೆ ವಿಮಾನ ಮೆಲ್ಲನೆ ಹಿಂದೆ ಸರಿಯುತ್ತಿತ್ತು. ಸತ್ತವಳಿಗೆ ಅದರಲ್ಲಿ ಕಿಟಕಿ ಪಕ್ಕದ ಸೀಟಿತ್ತು. ಬದುಕಿದ್ದವನಿಗೆ ನಿಲ್ಲಲೂ ಜಾಗವಿರಲಿಲ್ಲ.

"ಸಾಕು ಮೂಗು ಒರೆಸ್ಕೋ. ಸ್ಪೀಕರ್ ಆರಿಸಿ ಕಿವಿಗೆ ಹಿಡಿ," ಎಂದಳು ಅಕ್ಕ. ಆಮೇಲೆ ಪ್ರಾರ್ಥನೆಯ ಮೊದಲ ಸಾಲನ್ನು ಎತ್ತಿಕೊಂಡಳು. ದನಿ ಅಲ್ಲಲ್ಲಿ ಒಡೆಯಿತು, ಒಂದು ಕಡೆ ಪೂರ್ತಿ ಅಡಗಿ ಮತ್ತೆ ಮೇಲೆ ಬಂತು. ತಾತ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದು ಕೇಳಿದ. ಸಾಲು ಮುಗಿದರೂ ಸುಮ್ಮನಿದ್ದ. ತಾನು ಬಾಯಿ ತೆರೆದರೆ ಅದು ಕಿವಿಯಿಂದ ಜಾರಿಬಿಡುತ್ತದೆ ಎಂದು ಭಯ.

"ನಿನ್ನ ಸಾಲು ಹೇಳೋ ಕತ್ತೆ! ನಾಳೆಯಿಂದ ಸುಮ್ಮನಿರಬೇಕಾದೋಳು ನಾನು. ನಿನಗೇನಾಗಿದೆ?"

ಪಕ್ಕದಲ್ಲಿ ಸೋವಿರಾಯನ ಫೋನು ಚಿಲಿಪಿಲಿಗುಟ್ಟಿತು. ಗಿಳಿ ಸತ್ತವಳ ಹೆಸರು ಹಿಡಿದು ಕೇಳುತ್ತಿತ್ತು: ನಮ್ಮ ಸೇವೆ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ? ಮಗಳು ಅದನ್ನು ಅವನ ಕೈಯಿಂದ ತೆಗೆದು ಬೆಂಚಿನ ಮೇಲೆ ಬೋರಲು ಹಾಕಿದಳು.

ತಾತ ಗಂಟಲು ಸರಿಮಾಡಿಕೊಂಡು ತನ್ನ ಸಾಲನ್ನು ಹೇಳಿದ.