ಸೂರಪ್ಪ ಉಂಡು ಏಳುವ ತನಕ

ಜಿಲ್ಲೆಯಲ್ಲಿ ಸಾರಾಯಿ ಬಂದಾದ ಮೇಲೆ ಹರಿಹರದ ಹೆಂಗಸರಿಗೆ ಹೊನ್ನಾಳಿ ಸಂತೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿಕೊಂಡಿತು. ಹರಿಹರದಲ್ಲಿ ಸಿಗದ ಯಾವ ಮೆಣಸಿನಕಾಯಿ ಅಲ್ಲಿ ಸಿಗುತ್ತಿತ್ತೋ ದೇವರೇ ಬಲ್ಲ. ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು. ಅಲ್ಲಿ ಸಾರಾಯಿ ಅಂಗಡಿ ಹಾಡುಹಗಲೇ ಬಾಗಿಲು ತೆರೆದು ಕೂತಿರುತ್ತಿತ್ತು. ಈ ಕಡೆ ಅದೇ ಸಾರಾಯಿ ಒಂದು ಗುಟುಕು ಸಿಕ್ಕರೂ ಜೈಲು. ನಡುವೆ ಗಡಿ ಅಂತ ಇದ್ದದ್ದು ಒಂದು ತಡಿಕೆ ಗುಡಿಸಲು, ರಸ್ತೆಗೆ ಅಡ್ಡ ಒಂದು ಬಿದಿರು ಗಳ, ಆ ಗಳ ಎತ್ತಿ ಇಳಿಸಲು ಉಜ್ಜನಪ್ಪ ಎಂಬ ಒಬ್ಬ ಪೊಲೀಸ್ ಪೇದೆ. ಬಸ್ಸು ನಿಲ್ಲಿಸಿ ಗಂಡಸರ ಚೀಲ, ಜೇಬು ಎಲ್ಲ ತಡವುತ್ತಿದ್ದ. ಹೆಂಗಸರನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಗಂಡಸರು ಮನೆಯಲ್ಲಿ ಉಳಿದರು, ಹೆಂಗಸರು ಸಂತೆಗೆ ಹೊರಟರು. ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ.

ಕಾಟಮ್ಮ ಮಾತ್ರ ಆ ಬಸ್ಸು ಹತ್ತಿದವಳಲ್ಲ. ಕುಡಿತದ ಕಡುವೈರಿ ಅಂತ ಅವಳ ಹೆಸರು ಹೊಳೆಯಾಚೆಗೂ ಗೊತ್ತಿತ್ತು. ಗಂಡ ಸೂರಪ್ಪ ಗುತ್ತೂರಿನ ಹತ್ತಿರ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದ. ಒಳ್ಳೆಯ ಮನುಷ್ಯ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಬಾಯಿ ಮಾಡಿದವನೂ ಅಲ್ಲ. ಆದರೆ ಸಂಜೆಯಾದರೆ ಕುಡಿಯಲೇಬೇಕು. ಕುಡಿದು ಬಂದರೆ ಬಾಗಿಲು ಬಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಜಗಲಿಯ ಮೇಲೆ ನಿಂತು ಒಂದು ಸಲ ಕೆಮ್ಮುತ್ತಿದ್ದ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಕಾಟಮ್ಮ ಒಳಗೆ ಎಚ್ಚರವಾಗಿಯೇ ಇರುತ್ತಿದ್ದಳು. ತನ್ನ ಸಿಟ್ಟು ಇಳಿಯುವ ತನಕ ಅಗುಳಿ ತೆಗೆಯುತ್ತಿರಲಿಲ್ಲ. ಕೆಲವು ದಿನ ಸಿಟ್ಟು ಬೇಗ ಇಳಿಯುತ್ತಿತ್ತು. ಇಳಿಯದ ದಿನ ಸೂರಪ್ಪ ಜಗಲಿಯ ಮೇಲೇ ಮಲಗುತ್ತಿದ್ದ. ಕೈಗೆ ಸಿಕ್ಕ ಬಾಟ್ಲಿಗಳನ್ನೆಲ್ಲ ಅವಳು ಒರಳುಕಲ್ಲಿಗೆ ಕುಕ್ಕಿ ಒಡೆದಳು. ಕುಡಿತ ಬಂದ್ ಅಂತ ಸರ್ಕಾರ ಡಂಗುರ ಹೊಡೆಸಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. ಸೂರಪ್ಪನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಸಿಹಿ ಐತೆ" ಅಂದನಂತೆ.

ಹೋದ ವರ್ಷ ಬೇಸಿಗೆಯಲ್ಲಿ ಸೂರಪ್ಪ ಹಾಸಿಗೆ ಹಿಡಿದ. ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗಿತ್ತು, ಅವನಿಗೂ. ಅವನ ಜೊತೆ ಭಟ್ಟಿಯಲ್ಲಿ ದುಡಿದ ಗೆಳೆಯ ಕರಿಯಣ್ಣ ಒಂದು ಮಧ್ಯಾಹ್ನ ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಲು ಬಾಟ್ಲಿ ತಂದ. ಸೂರಪ್ಪ ಹೆಂಡತಿಯ ಮುಖ ನೋಡಿ, "ಒಂದ್ ಗುಟುಕು, ಕಾಟೀ" ಅಂದ. ಅವಳು ಬಾಟ್ಲಿ ಕಿತ್ತುಕೊಂಡು ಅವನ ಕಣ್ಣೆದುರಿಗೇ ಬಚ್ಚಲಿಗೆ ಸುರಿದಳು. ಸೂರಪ್ಪ ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಅವಳೊಂದಿಗೆ ಒಂದು ಮಾತೂ ಆಡದೆ, ಈ ಕಡೆ ತಿರುಗದೆ, ಹಾಗೆಯೇ ಪ್ರಾಣ ಬಿಟ್ಟ. ಮಗ ಹಾಲೇಶ ಆಗ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿಯ ಮೇಲಿದ್ದ. ಕಾಟಮ್ಮ ಅವನಿಗೆ ಇದನ್ನು ಹೇಳಲೇ ಇಲ್ಲ.

ವರ್ಷ ತುಂಬಿತು. ಸೂರಪ್ಪ ಹಿರಿಯರ ಸಾಲಿಗೆ ಸೇರಿದ. ಮಹಾಲಯ ಅಮಾವಾಸ್ಯೆಗೆ ಅವನಿಗೆ ಮೊದಲ ಎಡೆ ಇಡಬೇಕು. ಸತ್ತವರು ಆವತ್ತು ಮನೆಗೆ ಬಂದು ಉಂಡು ಹೋಗುತ್ತಾರೆ. ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನು ಎಲೆಯ ಮುಂದೆ ಇಡಬೇಕು. ಇಲ್ಲದಿದ್ದರೆ ಮುಟ್ಟದೆ ಹಸಿದು ಹೋಗುತ್ತಾರೆ. ಬೀಡಿ ಸೇದುವವನಿಗೆ ಬೀಡಿ ಕಟ್ಟು, ಎಲೆಯಡಿಕೆಯವನಿಗೆ ಎಲೆಯಡಿಕೆ. ಸೂರಪ್ಪನಿಗೆ ಏನು ಇಷ್ಟ ಅಂತ ಓಣಿಯ ನಾಯಿಗೂ ಗೊತ್ತಿತ್ತು.

"ಬಾಡು ಮಾಡು, ವಡಿ ಮಾಡು, ಒಂದ್ ಲೋಟ ಹಾಲು ಇಡು. ಆ ಹಾಳು ಸುದ್ದಿ ನನ್ನ ಮುಂದೆ ತೆಗೀಬ್ಯಾಡ ಅವ್ವಾ," ಅಂದ ಹಾಲೇಶ. "ಅಪ್ಪ ಸತ್ತಿದ್ದೇ ಅದರಿಂದ."

ಕಾಟಮ್ಮ "ಹೂಂ" ಅಂದಳು. ಸಂತೆಯ ದಿನ ಕರಿಯಣ್ಣನ ಹೆಂಡತಿ ದುರುಗವ್ವನ ಜೊತೆ ಹೊನ್ನಾಳಿ ಬಸ್ಸು ಹತ್ತಿದಳು.

ದುರುಗವ್ವ ಈ ವಿದ್ಯೆಯಲ್ಲಿ ಪಳಗಿದ ಕೈ. ಕುಂಬಳಕಾಯಿಯ ತೊಟ್ಟಿನ ಸುತ್ತ ಕೊರೆದು, ತಿರುಳು ಕೆರೆದು, ಬಾಟ್ಲಿ ಇಳಿಸಿ, ಮತ್ತೆ ತೊಟ್ಟು ಕೂರಿಸಿದಳೆಂದರೆ ಬೆಳೆದ ಬಳ್ಳಿಗೂ ಗುರುತು ಹತ್ತಬಾರದು. "ನಿಂಗೂ ಒಂದು ಮಾಡಿಕೊಡ್ಲೇನಕ್ಕಾ?" ಅಂದಳು. ಕಾಟಮ್ಮ ಬೇಡವೆಂದು, ಮೂಗಿಗೆ ಸೆರಗು ಹಿಡಿದು ಅಂಗಡಿಗೆ ಹೋಗಿ, ಒಂದು ಬಾಟ್ಲಿ ಕೊಂಡು ಸೀರೆಯ ಮಡಿಲಲ್ಲಿ ಕಟ್ಟಿಕೊಂಡಳು. ಅದು ಹೊಟ್ಟೆಗೆ ತಣ್ಣಗೆ ಒತ್ತುತ್ತಿತ್ತು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಗಡಿಯಲ್ಲಿ ಬಸ್ಸು ನಿಂತಿತು. ಅಮಾವಾಸ್ಯೆ ಹತ್ತಿರ ಬಂದಿದೆ, ಹೆಂಗಸರನ್ನೂ ಬಿಡಬೇಡ ಅಂತ ಠಾಣೆಯ ಸಾಹೇಬರು ಉಜ್ಜನಪ್ಪನಿಗೆ ಬೆಳಿಗ್ಗೆಯೇ ಉಗಿದಿದ್ದರು. ಬಿಡದೆ ಮಾಡುವುದೇನು? ಹೆಣ್ಣು ಪೊಲೀಸರನ್ನು ಅವನು ಚಿತ್ರದಲ್ಲೂ ಕಂಡಿರಲಿಲ್ಲ. ತಲೆ ಕೆರೆಯುತ್ತ ಬಸ್ಸಿನೊಳಗೆ ಹಣಕಿದವನು ಕಾಟಮ್ಮನನ್ನು ಕಂಡು ಹಿಗ್ಗಿಹೋದ.

"ಅಯ್ಯೋ ಕಾಟಮ್ಮಾರೆ! ದೇವ್ರು ಬಂದಂಗ ಬಂದ್ರಿ ನೋಡ್ರಿ. ಸ್ವಲ್ಪ ಇಳೀರಿ. ಈ ಹೆಣ್ಮಕ್ಕಳ ಗಂಟು ಮೂಟೆ ಎಲ್ಲ ನೀವೇ ನೋಡಿ ಹೇಳ್ರಿ. ನೀವು ಇಲ್ಲ ಅಂದ್ರೆ ಇಲ್ಲ, ಐತೆ ಅಂದ್ರೆ ಐತೆ."

ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿಯಿತು. ಕಾಟಮ್ಮ ಇಳಿದಳು. ಮಡಿಲಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಒಬ್ಬೊಬ್ಬರನ್ನೇ ತಡವಿದಳು. ಮೆಣಸಿನಕಾಯಿ ಚೀಲದೊಳಗೆ ಗಾಜು ಕೈಗೆ ತಗುಲಿತು. ಒಬ್ಬಳ ಕೂಸಿನ ಬಟ್ಟೆಯೊಳಗೂ ತಗುಲಿತು. ದುರುಗವ್ವನ ಕುಂಬಳಕಾಯಿಯನ್ನು ಎತ್ತಿ ಅಲ್ಲಾಡಿಸಿದರೆ ಒಳಗೆ ಗುಳುಗುಳು ಸದ್ದು. ಬೇರೆ ದಿನವಾಗಿದ್ದರೆ ಅಲ್ಲೇ ರಸ್ತೆಯ ಕಲ್ಲಿಗೆ ಕುಕ್ಕುತ್ತಿದ್ದಳು.

"ಏನೂ ಇಲ್ರಿ," ಅಂದಳು.

"ಅದಕ್ಕೇ ನಿಮ್ಮನ್ನ ಕೇಳಿದ್ದು," ಅಂದು ಉಜ್ಜನಪ್ಪ ಬಿದಿರು ಗಳ ಎತ್ತಿ, ಅವಳಿಗೆ ಕೈಮುಗಿದ. ಬಸ್ಸು ಹೊರಟು ತಿರುವು ದಾಟಿದ ಕೂಡಲೇ ಒಳಗೆ ನಗೆಯೋ ನಗೆ. ಇನ್ನು ಮೇಲೆ ಪ್ರತಿ ಸಂತೆಗೂ ಕಾಟಮ್ಮಕ್ಕ ಬರಲೇಬೇಕು ಅಂತ ಹಿಂದಿನ ಸೀಟಿನವರು ಠರಾವು ಮಾಡಿದರು. ಕಾಟಮ್ಮ ನಗಲಿಲ್ಲ. ಅಷ್ಟು ವರ್ಷ ಕೂಡಿಟ್ಟ ಮರ್ಯಾದೆ ಒಂದು ಮಾತಿಗೆ ಖರ್ಚಾಯಿತು ಅಂತ ಅವಳಿಗೆ ಗೊತ್ತಿತ್ತು. ಹೋಗಲಿ, ಬಾಟ್ಲಿಯೊಂದು ಮನೆ ಮುಟ್ಟಿದರೆ ಸಾಕು ಅಂದುಕೊಂಡಳು.

ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಎಲೆ ಹಾಕಿದರು. ಹೊಸ ಪಂಚೆ, ಶಲ್ಯ ಮಡಿಸಿಟ್ಟರು. ಹಾಲೇಶ ಹಾಲಿನ ಲೋಟವನ್ನು ತಾನೇ ತಂದಿಟ್ಟು ಕೈಮುಗಿದು ಹೊರಗೆ ಹೋದ. ಅವನ ಬೆನ್ನು ತಿರುಗಿದ್ದೇ ತಡ, ಕಾಟಮ್ಮ ಬಾಟ್ಲಿಯ ಬಿರಟೆ ತೆಗೆದು ಪಂಚೆಯ ಮರೆಯಲ್ಲಿಟ್ಟಳು. ಬಿರಟೆ ತೆಗೆಯುವ ಕಷ್ಟ ಸತ್ತವನಿಗೆ ಯಾಕೆ? ವಾಸನೆ ಮುಚ್ಚಲು ಕೆಂಡದ ಮೇಲೆ ಲೋಬಾನ ಸುರಿದಳು. ಮನೆ ತುಂಬ ಹೊಗೆ. ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿ ಜಗಲಿಯ ಮೇಲೆ ಕೂತಳು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು; ಬಾಗಿಲು ಮುಚ್ಚಿರಬೇಕು. ಅವರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸೂಚನೆ ಕೊಟ್ಟು, ಆಮೇಲೆ ತೆಗೆಯಬೇಕು.

ಅಷ್ಟರಲ್ಲಿ ಉಜ್ಜನಪ್ಪ ಬಂದ. ಬಂದ ರಭಸಕ್ಕೆ ಟೋಪಿ ಕೈಯಲ್ಲಿತ್ತು.

ಆದದ್ದು ಇಷ್ಟು: ಕರಿಯಣ್ಣನಿಗೆ ಎಡೆಯ ತನಕ ಕಾಯುವ ತಾಳ್ಮೆ ಇರಲಿಲ್ಲ. ಬೆಳಿಗ್ಗೆಯೇ ಕುಂಬಳಕಾಯಿ ಒಡೆದು, ಏರಿಸಿಕೊಂಡು, ನೆಟ್ಟಗೆ ಪೊಲೀಸ್ ಠಾಣೆಯ ಮುಂದೆ ಹೋಗಿ, "ಕಾಟಮ್ಮನ ಪುಣ್ಯ, ಕಾಟಮ್ಮನ ಪುಣ್ಯ" ಅಂತ ಕುಣಿದು, ಅವಳ ಮಡಿಲಲ್ಲಿದ್ದ ಬಾಟ್ಲಿಯ ಸುದ್ದಿಯನ್ನೂ ಒದರಿದ್ದ. ಸಾಹೇಬರು ಉಜ್ಜನಪ್ಪನನ್ನು ಕರೆಸಿ, ಆ ಹೆಂಗಸಿನ ಮನೆಯಿಂದ ಬಾಟ್ಲಿ ತಾ, ಇಲ್ಲದಿದ್ದರೆ ಬೆಲ್ಟು ಬಿಚ್ಚಿಟ್ಟು ಹೋಗು ಅಂದಿದ್ದರು.

"ನಿಮ್ಮನ್ನ ನಂಬಿದ್ನಲ್ರೀ ಕಾಟಮ್ಮಾರೆ!" ಅಂದ ಉಜ್ಜನಪ್ಪ. "ಬಾಗ್ಲು ತೆಗೀರಿ. ಒಳಗ ಬಾಟ್ಲಿ ಐತೋ ಇಲ್ಲೋ?"

ಹಾಲೇಶ ಎದ್ದು ನಿಂತ. "ಯಾರ ಮನೀಗೆ ಬಂದು ಏನ್ ಕೇಳ್ತೀರಿ? ನಮ್ಮವ್ವನ್ನ ಕೇಳ್ತೀರಾ ಈ ಮಾತು?"

ಮುಚ್ಚಿದ ಬಾಗಿಲ ಮುಂದೆ, ಗಂಡ ಒಳಗೆ ಎಲೆಯ ಮುಂದೆ ಕೂತಿರುವಾಗ, ಕಾಟಮ್ಮನ ಬಾಯಲ್ಲಿ ಸುಳ್ಳು ಬರಲಿಲ್ಲ. "ಐತ್ರಿ," ಅಂದಳು.

ಹಾಲೇಶನ ಮುಖ ಕಪ್ಪಿಟ್ಟಿತು. ಉಜ್ಜನಪ್ಪ ಚಿಲಕಕ್ಕೆ ಕೈ ಹಾಕಿದ.

"ಉಣ್ಣಾಕತ್ತಾರ್ರಿ," ಅಂದಳು ಕಾಟಮ್ಮ, ಮೆಲ್ಲಗೆ.

ಚಿಲಕದಿಂದ ಕೈ ತಾನಾಗಿಯೇ ಹಿಂದೆ ಬಂತು. ಪೇದೆಯಾದರೇನು, ಅವನಿಗೂ ಅಪ್ಪ ಅಜ್ಜ ಇದ್ದರು, ಅವರೂ ಸತ್ತಿದ್ದರು. ಉಣ್ಣುವ ಹಿರಿಯರನ್ನು ಎಬ್ಬಿಸಿದ ಮನೆತನ ಉದ್ಧಾರವಾದದ್ದು ಎಲ್ಲೂ ಕೇಳಿಲ್ಲ. ಸರಿ, ಏಳಲಿ, ಎಷ್ಟು ಹೊತ್ತು ಮಹಾ, ಅಂತ ಅವನೂ ಜಗಲಿಯ ತುದಿಗೆ ಕೂತ. ಎಲೆಯಡಿಕೆ ಹಾಕಿದ, ಅಗಿದ, ಎದ್ದು ಹೋಗಿ ಉಗಿದು ಬಂದ.

"ಆತಲ್ರಿ. ತೆಗೀರಿ."

"ಇನ್ನೂ ಇಲ್ರಿ."

"ಅಲ್ರೀ, ಎಲ್ಲರ ಮನೀಲೂ ಇಷ್ಟೊತ್ತಿಗೆ ಎಡಿ ಮುಗ್ದು ಜನ ಉಂಡು ಮಲಗ್ಯಾರೆ!"

"ಅವ್ರು ಕುಡಿಯಾಕ ಕುಂತ್ರೆ ಬೇಗ ಏಳಂಗಿಲ್ರಿ," ಅಂದಳು ಕಾಟಮ್ಮ. "ನಂಗೆ ಗೊತ್ತಿಲ್ಲೇನ್ರಿ? ಜೀವಮಾನ ಎಲ್ಲ ಅದೇ ಬೈದೀನಿ. ಉಣ್ರಿ, ಏಳ್ರಿ, ಮುಗಿಸ್ರಿ, ಅಂತ. ಒಂದಿನಾನೂ ನೆಮ್ಮದಿಯಿಂದ ಕುಂದ್ರಿಸಲಿಲ್ಲ. ಇವತ್ತು ಅವಸರ ಮಾಡಾಕ ನಂಗೆ ಬಾಯಿಲ್ಲ."

ಬಿಸಿಲು ಜಗಲಿ ದಾಟಿ ಎದುರು ಮನೆಯ ಗೋಡೆ ಏರಿತು. ಹಾಲೇಶ ಹಲ್ಲು ಕಚ್ಚಿ, "ಯಾಕ ತಂದಿ ಅವ್ವಾ? ಯಾರಿಗಿಂತ ಹೆಚ್ಚಾಗಿ ಅದನ್ನ ಬೈದಾಕಿ ನೀನು," ಅಂದ.

ಆಗ ಹೇಳಿದಳು. ಮಗನಿಗೆ ಹೇಳಿದಳೋ ಪೇದೆಗೆ ಹೇಳಿದಳೋ, ಇಬ್ಬರ ಮುಖವನ್ನೂ ನೋಡಲಿಲ್ಲ. ಕರಿಯಣ್ಣ ಟವೆಲ್ಲಿನಲ್ಲಿ ತಂದದ್ದು, ಸೂರಪ್ಪ ಒಂದು ಗುಟುಕು ಕೇಳಿದ್ದು, ತಾನು ಬಚ್ಚಲಿಗೆ ಸುರಿದದ್ದು. "ಸಾಯೋನು ಕೇಳಿದ್ದು. ಕೊಟ್ಟಿದ್ರೆ ಏನ್ ಹೋಗ್ತಿತ್ತು? ನಂದೇ ಗೆಲ್ಲಬೇಕಿತ್ತು ನಂಗೆ. ಗೋಡಿ ಕಡೆ ತಿರುಗಿದೋರು ತಿರುಗಿದಂಗೇ ಹೋದ್ರು. ಇವತ್ತೂ ಬರಿಗೈಲಿ ಕಳಿಸಿದ್ರೆ ಮತ್ತೆ ಈ ಮನೀ ಹೊಸ್ತಿಲು ತುಳೀತಾರೇನು?" ಅಂದು ಅತ್ತಳು. ಅವಳು ಅತ್ತದ್ದನ್ನು ಹಾಲೇಶ ಅಪ್ಪ ಸತ್ತ ದಿನವೂ ಕಂಡಿರಲಿಲ್ಲ.

ಉಜ್ಜನಪ್ಪ ಬಹಳ ಹೊತ್ತು ಟೋಪಿಯನ್ನು ತಿರುವಿ ತಿರುವಿ ನೋಡಿದ. ಆಮೇಲೆ ಆಕಾಶ ನೋಡಿದ. ಅವನ ಮನೆಯಲ್ಲಿ ಅಡಿಗೆ ಆರಿ ಕೂತಿತ್ತು. ಹಿರಿಮಗ ಹೋಗಿ ಕೈ ಮುಗಿಯದೆ ಅಲ್ಲಿ ಎಲೆ ಹಾಕುವಂತಿಲ್ಲ. ಹೊತ್ತು ಮುಳುಗಿದರೆ ಎಡೆಯೂ ಇಲ್ಲ.

"ನಮ್ಮಪ್ಪನೂ ಹಸ್ದು ಕುಂತಿರ್ತಾನ್ರಿ," ಅಂತ ಎದ್ದ. "ನಾಳೆ ಬೆಳಿಗ್ಗೆ ಸಾಹೇಬ್ರನ್ನ ಕರ್ಕೊಂಡೇ ಬರ್ತೀನಿ. ಮನಿಯೆಲ್ಲ ಹುಡುಕ್ತೀನಿ. ಆಗ ಏನಾರ ಸಿಕ್ತೋ, ನಿಮ್ಮನ್ನ ಬಿಡಂಗಿಲ್ಲ ನೋಡ್ರಿ." ಅಂಗಳ ದಾಟಿದವನು ನಿಂತು, ಬಾಗಿಲ ಕಡೆ ನೋಡಿ, "ಸಾವಕಾಶ ಉಣ್ಲಿ," ಅಂದು ಹೋದ.

ಹೊತ್ತು ಇಳಿಯಿತು. ಹಾಲೇಶ ಎದ್ದು ತಾಯಿಯ ಪಕ್ಕ ಬಂದು ನಿಂತು, "ಇನ್ನು ತೆಗಿ ಅವ್ವಾ. ಬಾಟ್ಲಿ ನಾನೇ ಹೊಳೀಗೆ ಬಿಟ್ಟು ಬರ್ತೀನಿ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಕಾಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಮುಂದೆ ನಿಂತಳು. ಒಂದು ಸಲ ಕೆಮ್ಮಿದಳು. ಚಿಲಕಕ್ಕೆ ಕೈ ಹಾಕಲಿಲ್ಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ ಕೆಮ್ಮಿದಳು.

"ಕೆಮ್ಮಿದ್ಯಲ್ಲ, ತೆಗಿ ಮತ್ತೆ."

"ತಡಿಯೋ," ಅಂದಳು. "ಅವರ ಸಿಟ್ಟು ಇಳೀಲಿ."

ಸೂರಪ್ಪ ನಿಲ್ಲುತ್ತಿದ್ದ ಜಾಗದಲ್ಲೇ, ಮುಚ್ಚಿದ ಬಾಗಿಲನ್ನು ನೋಡುತ್ತ, ಅವಳು ನಿಂತೇ ಇದ್ದಳು.