ಗುರಾಣಿಯ ಮೇಲೊಂದು ಹಂದಿ

ಗಿಡುಗದ ಕಣ್ಣಿಗೆ ಚರ್ಮದ ಟೋಪಿ, ಅರಬರ ಹಳೇ ಪೇಟೆ ಸೂಕ್ ವಾಕಿಫ್‌ನ ಈ ಅಂಗಡಿಯಲ್ಲಿ ಸಾಲಾಗಿ ಕೂತ ಇಷ್ಟೊಂದು ಗಿಡುಗಗಳಲ್ಲಿ ಒಂದಕ್ಕೂ ಲೋಕ ಕಾಣದು, ಮಗಳು ಯಶ್ಮಿತಾ ಬೆನ್ನು ಬಗ್ಗಿಸಿ ಚಿತ್ರ ಬಿಡಿಸುತ್ತಿದ್ದಾಳೆ, ನಾಳೆ ಶಾಲೆಗೆ ಕೊಡಬೇಕು, ಮಧ್ಯಯುಗದ ಮನೆತನಗಳ ಗುರಾಣಿ ಲಾಂಛನದ ಪಾಠ, ಸಿಂಹ ಇದ್ದವರು ಸಿಂಹದವರು, ಕರಡಿ ಇದ್ದವರು ಕರಡಿಯವರು, ನಿಮ್ಮ ಮನೆಯ ಪ್ರಾಣಿ ಬರೆದು ತನ್ನಿ ಎಂದಿದ್ದಾರಂತೆ ಟೀಚರ್, ನಮ್ಮದು ಯಾವ್ದು ಪಪ್ಪಾ, ಗಿಡುಗ ಅಂದುಬಿಟ್ಟೆ, ಎಷ್ಟು ಸಲೀಸಾಗಿ ಬಂತು ಸುಳ್ಳು, ಹೋದ ಶುಕ್ರವಾರ ಇಲ್ಲಿನ ಕನ್ನಡಿಗರ ಊಟದಲ್ಲಿ ಮೈಸೂರಿನ ರತ್ನಪ್ರಭಾ ಮೇಡಂ ಪಾಯಸ ಬಡಿಸುತ್ತ ನಿಮ್ದು ಯಾವ ಮನೆತನ ಅಣ್ಣು ಅವ್ರೇ, ಹೇಳ್ಲೇ ಇಲ್ವಲ್ಲ ಅಂದಾಗಲೂ ಬೇಸಾಯದವರು ಅಂದಿದ್ದೆ, ಸಮುದ್ರ ದಾಟಿ ಬಂದ ಜಾತಿ ಸೌಟು ಹಿಡಿದು ನಗುತ್ತ ನಿಂತಿತ್ತು — ಪಪ್ಪಾ, ಇದಕ್ಕೆ ಎಂತಕ್ಕೆ ಕಣ್ಣು ಕಟ್ಟಿದ್ದು? ಹೆದರಬಾರದು ಅಂತ ಮಗಾ. ಹಾಗಾದ್ರೆ ಇದು ನಮ್ದಲ್ಲ, ಇನ್ನೊಬ್ಬರ ಕೈಮೇಲೆ ಕೂರುವಂಥದ್ದು ನಂಗೆ ಬೇಡ — ಬೇಡ ಅನ್ನಲು ನನ್ನ ಅಪ್ಪನಿಗೆ ಬರುತ್ತಿರಲಿಲ್ಲ, ಅಪ್ಪ ತುಕ್ರ, ಪಂಜುರ್ಲಿ ಭೂತ ಕಟ್ಟುತ್ತಿದ್ದವನು, ಕೋಲದ ರಾತ್ರಿ ಹಂದಿಯ ಲೋಹದ ಮೊಗ ಹೊತ್ತು ಕುಣಿದರೆ ಊರಾಳುವ ಗುತ್ತಿನ ಮನೆಯ ಯಜಮಾನ ಕೈಮುಗಿದು ಅಭಯ ಬೇಡುತ್ತಾನೆ, ಬೆಳಗಾದರೆ ಮೊಗ ಅವನ ಚಾವಡಿಯ ಒಳಗೆ, ಅಪ್ಪ ಅಂಗಳದ ಹೊರಗೆ, ಏ ತುಕ್ರ, ಅಲ್ಲೇ ನಿಲ್ಲು — ಚಾಲುಕ್ಯರ ಬಾವುಟದ ಮೇಲಿದ್ದರೆ ಅದು ವರಾಹ, ನನ್ನ ಅಪ್ಪನ ಮುಖದ ಮೇಲಿದ್ದರೆ ಕೋಲ ಮುಗಿಯುವವರೆಗೆ ದೈವ, ಆಮೇಲೆ ಮೈಲಿಗೆ, ಯಾರಪ್ಪನ ನ್ಯಾಯ ಇದು — ಹಂದಿ ಮಗಾ, ನಮ್ಮದು ಹಂದಿ, ಅಂದೆ, ಜೋರಾಗಿಯೇ ಅಂದೆ, ಅರ್ಥವಾಗದ ಅಂಗಡಿಯವನು ಸುಮ್ಮನೆ ನಕ್ಕ, ಅಯ್ಯೋ ಪಪ್ಪಾ, ಪಿಗ್ಗಾ? ಕ್ಲಾಸಲ್ಲಿ ಮೈರಾ ಛೀ ಅಂತಾಳೆ, ಅನ್ನಲಿ, ಕೋರೆಯಿರುವ ಕಾಡುಹಂದಿ, ನಿನ್ನ ಅಜ್ಜ ಅದರ ಮುಖ ಹೊತ್ತವನು, ಎಲ್ಲ ಹೇಳಿದೆ, ಅಂಗಳದ ಹೊರಗಿನದನ್ನೂ, ಅವಳು ಗಿಡುಗವನ್ನು ಅಳಿಸಿದಳು, ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದಳು, ಕೋರೆ ಇಷ್ಟು ಸಾಕಾ? ಇನ್ನೂ ಉದ್ದ ಮಾರಾಯ್ತಿ. ಮೊಗದ ಹಿಂದೆ ಅಜ್ಜನ ಮುಖ ಬರೀತೇನೆ, ಹೇಗಿತ್ತು ಹೇಳು — ಹೇಗಿತ್ತು, ಒಂದು ಫೋಟೋ ಇಲ್ಲ, ಮೂಗು ನನ್ನದೇ, ಕಿವಿ ನಿನ್ನದೇ, ಕಣ್ಣು, ಕಣ್ಣು — ಕೋಲ ಮುಗಿದ ಬೆಳಿಗ್ಗೆ ತೋಡಿನ ಬದಿಯಲ್ಲಿ ಕೂತು ತೆಂಗಿನೆಣ್ಣೆ ಹಚ್ಚಿ ಮುಖದ ಹಳದಿ ಬಣ್ಣ ತಿಕ್ಕುತ್ತಿದ್ದಾನೆ, ನಾನು ನೀರು ಹೊಯ್ಯುತ್ತಿದ್ದೇನೆ, ಒಂದು ಕೆನ್ನೆ ತೊಳೆದಾಗಿದೆ, ನನ್ನತ್ತ ತಿರುಗಿ ನಗುತ್ತಾನೆ, ಅರ್ಧ ಹಳದಿ, ಅರ್ಧ ಅಪ್ಪ, ಹೇಳು ಪಪ್ಪಾ, ಅರ್ಧ ಹಳದಿ, ಅರ್ಧ ಅಪ್ಪ —